ಬೆರಳಿನ ಮಾತು ಕೇಳುವ ಪೆಡಲ್

ಬೇಸ್ ಗಿಟಾರಿಗೆ ಅನಲಾಗ್ ಸಿಂಥ್ ಪೆಡಲ್ (ತಂತಿಯ ಸದ್ದನ್ನು ಸಿಂಥಸೈಜರ್ ಥರ ಮಾಡುವ, ಕಾಲ ಬಳಿ ಇಡುವ ಸರ್ಕ್ಯೂಟ್ ಪೆಟ್ಟಿಗೆ) ಹಾಕಿ ನುಡಿಸಿದರೆ ಜನ ಕೀಬೋರ್ಡ್‌ನವರ ಕಡೆ ತಿರುಗಿ ನೋಡುತ್ತಾರೆ. ಅದು ಸಹಜ. ಮೈಸೂರು, ಮಂಡ್ಯ ಕಡೆಯ ರಸಮಂಜರಿ ಕಾರ್ಯಕ್ರಮಗಳಲ್ಲಿ ಅಂಥ ದಪ್ಪ ಸದ್ದು ಬರುವುದು ಕೀಬೋರ್ಡ್‌ನಿಂದಲೇ. ಗಣಪತಿ ಹಬ್ಬದ ಆರ್ಕೆಸ್ಟ್ರಾ ಇರಲಿ, ರಾಜ್ಯೋತ್ಸವದ ವೇದಿಕೆ ಇರಲಿ, ದುಡ್ಡು ಕಮ್ಮಿ ಬಿತ್ತು ಅಂದರೆ ಮೊದಲು ಬಿಡುವುದು ಬೇಸ್ ಗಿಟಾರಿನವರನ್ನು. "ಎಡಗೈಲಿ ನಾನೇ ಹಾಕ್ಕೊಳ್ತೀನಿ ಬಿಡಿ ಅಣ್ಣ" ಅಂತ ಕೀಬೋರ್ಡ್‌ನವರು ಅಂದರೆ ಮಾತು ಮುಗಿಯಿತು.

ಆ ಮಾತಿನ ಮೇಲೆ ನನಗೆ ಸಿಟ್ಟಿಲ್ಲ. ಎಡಗೈಯಲ್ಲಿ ಬಹಳ ಚೆನ್ನಾಗಿ ಬೇಸ್ ನುಡಿಸುವವರು ನಮ್ಮೂರಲ್ಲೇ ಇದ್ದಾರೆ. ಆದರೂ ಕೀಬೋರ್ಡ್‌ನ ಬೇಸೇ ಬೇರೆ, ತಂತಿಯಲ್ಲಿ ಹುಟ್ಟಿ ಆಮೇಲೆ ಸಿಂಥ್ ಆಗುವ ಬೇಸೇ ಬೇರೆ. ಎರಡನೆಯದರಲ್ಲಿ ನೀವು ಎಷ್ಟು ಜೋರಾಗಿ ಮೀಟಿದಿರಿ, ತಂತಿಯನ್ನು ಎಷ್ಟು ಹೊತ್ತು ಹಿಡಿದಿರಿ, ಯಾವಾಗ ಬಿಟ್ಟಿರಿ ಅನ್ನುವುದೆಲ್ಲ ಸದ್ದಿನ ಬಣ್ಣವನ್ನೇ ಬದಲಾಯಿಸುತ್ತದೆ. ಪೆಡಲ್ ಮೇಲೆ ಎಷ್ಟೇ ನಾಬ್‌ಗಳಿರಲಿ, ನಿಜವಾದ ನಾಬ್ ಬೆರಳೇ. ನಾನು ಈ ಪೆಡಲ್‌ಗಳನ್ನು ಇಷ್ಟು ಹಚ್ಚಿಕೊಂಡಿರುವುದು ಅದಕ್ಕೇ.

ಒಳಗೆ ನಡೆಯುವುದು ಏನು ಅಂತ ಸ್ವಲ್ಪ ನೋಡೋಣ. ತಂತಿ ಮೀಟಿದಾಗ ಅದರ ಕಂಪನ ಹಿಡಿಯುವ ಪಿಕಪ್‌ನಿಂದ ಸಣ್ಣ ವಿದ್ಯುತ್ ಅಲೆ ಬರುತ್ತದೆ. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ದಪ್ಪ ತಂತಿಯ ಹೆಸರು 'ಈ' (E). ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಪೆಡಲ್ ಒಳಗೆ ಹೋದ ಅಲೆ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿಯಲ್ಲಿ ಅದು ಸದ್ದಾಗಿ ಮುಂದೆ ಹೋಗುತ್ತದೆ. ಇನ್ನೊಂದರಲ್ಲಿ ಅದು ಸದ್ದಾಗುವುದಿಲ್ಲ, ಅಪ್ಪಣೆ ಕೊಡುವ ವೋಲ್ಟೇಜ್ ಆಗುತ್ತದೆ.

ಸದ್ದಿನ ದಾರಿ ಮೊದಲು. ಇಲ್ಲಿ ಒಂದು ಸರ್ಕ್ಯೂಟ್ ಅಲೆ ಸೊನ್ನೆಯ ಗೆರೆಯಿಂದ ಮೇಲಿದೆಯೋ ಕೆಳಗಿದೆಯೋ ಅಂತ ಅಷ್ಟನ್ನೇ ನೋಡುತ್ತದೆ. ಮೇಲಿದ್ದರೆ ಪೂರ್ತಿ ಆನ್, ಕೆಳಗಿದ್ದರೆ ಪೂರ್ತಿ ಆಫ್. ತಂತಿಯ ನಯವಾದ ಏರಿಳಿತ ಮಾಯವಾಗಿ ಚೌಕಾಕಾರದ ಅಲೆ ಸಿಗುತ್ತದೆ. ಚೌಕ ಅಲೆಯಲ್ಲಿ ಮೂಲ ಸ್ವರದ ಜೊತೆ ಅದರ 3, 5, 7ನೇ ಪಟ್ಟು, ಹೀಗೆ ಬೆಸ ಸಂಖ್ಯೆಯ ಮೇಲಿನ ಸ್ವರಗಳು ತುಂಬಿರುತ್ತವೆ. ಸಿಂಥ್‌ನ ಆ ಗಡುಸು ದನಿ ಬರುವುದು ಇವುಗಳಿಂದ. ಮುಂದೆ ಫ್ಲಿಪ್‌ಫ್ಲಾಪ್ ಅನ್ನುವ ಇನ್ನೊಂದು ಸರ್ಕ್ಯೂಟ್ ಇದೆ. ಒಳಗೆ ಎರಡು ಅಲೆ ಬಂದರೆ ಅದು ಹೊರಗೆ ಒಂದನ್ನು ಬಿಡುತ್ತದೆ. ಕಂಪನ ಅರ್ಧ ಆಯಿತು ಅಂದರೆ ಸ್ವರ ಒಂದು ಸ್ಥಾಯಿ ಕೆಳಗೆ ಇಳಿಯಿತು. ಇದರಲ್ಲಿ ಲೆಕ್ಕಾಚಾರವೇ ಇಲ್ಲ ಅನ್ನುವುದು ಮುಖ್ಯ. ಡಿಜಿಟಲ್ ಸಿಂಥ್ ಪೆಡಲ್‌ಗಳಲ್ಲಿ ಹಲವು ಮೊದಲು ಇದು ಯಾವ ಸ್ವರ ಅಂತ ಕಂಡುಹಿಡಿಯಬೇಕು. ಅದಕ್ಕೆ ಕಡೇಪಕ್ಷ ಒಂದು ಸುತ್ತು ಕಂಪನವಾದರೂ ಬೇಕು. ದಪ್ಪ 'ಈ' ತಂತಿಯಲ್ಲಿ ಒಂದು ಸುತ್ತಿಗೇ 24 ಮಿಲಿಸೆಕೆಂಡ್ ಹಿಡಿಯುತ್ತದೆ. ಬೆರಳಿಗೆ ಆ ತಡ ಗೊತ್ತಾಗುತ್ತದೆ. ಫ್ಲಿಪ್‌ಫ್ಲಾಪ್‌ಗೆ ಸ್ವರದ ಹೆಸರು ಬೇಕಿಲ್ಲ. ಅಲೆ ಬಂದ ಹಾಗೆ ಎಣಿಸಿಕೊಂಡು ಹೋಗುತ್ತದೆ.

ಈಗ ಅಪ್ಪಣೆಯ ದಾರಿ. ಇಲ್ಲಿ ಅಲೆಯ ಕೆಳಭಾಗವನ್ನು ಮೇಲಕ್ಕೆ ಮಡಚಿ, ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರ್‌ನಲ್ಲಿ ತುಂಬಿ ನಯ ಮಾಡುತ್ತಾರೆ. ಆಗ ಉಳಿಯುವುದು ಸದ್ದಿನ ಜೋರು ಎಷ್ಟು ಅನ್ನುವ ಅಳತೆ ಮಾತ್ರ. ಮೀಟಿದಾಗ ವೋಲ್ಟೇಜ್ ಏರುತ್ತದೆ, ತಂತಿ ಸೋತಂತೆ ಇಳಿಯುತ್ತದೆ. ಇದಕ್ಕೆ ಎನ್ವಲಪ್ ಫಾಲೋವರ್ ಅನ್ನುತ್ತಾರೆ. ಈ ವೋಲ್ಟೇಜನ್ನು ಫಿಲ್ಟರ್‌ಗೆ ಕೊಡುತ್ತಾರೆ. ಫಿಲ್ಟರ್ ಒಂದು ಗಡಿಯ ಮೇಲಿನ ಸದ್ದನ್ನೆಲ್ಲ ಕತ್ತರಿಸುತ್ತದೆ. ವೋಲ್ಟೇಜ್ ಏರಿದರೆ ಗಡಿ ಮೇಲೆ ಹೋಗಿ ಸದ್ದು ತೆರೆದುಕೊಳ್ಳುತ್ತದೆ. ಇಳಿದರೆ ಮುಚ್ಚಿಕೊಳ್ಳುತ್ತದೆ. ರೆಸೊನೆನ್ಸ್ ನಾಬ್ ತಿರುಗಿಸಿದರೆ ಆ ಗಡಿಯ ಹತ್ತಿರದ ಸ್ವರಗಳು ಎದ್ದು ಕೇಳುತ್ತವೆ. ಆಗ 'ವಾವ್' ಅನ್ನುವ ಮಾತಿನಂಥ ಸದ್ದು ಹುಟ್ಟುತ್ತದೆ.

ಮೋರ್ಸಿಂಗ್ ಕೇಳಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಅಲ್ಲಿ ಕಬ್ಬಿಣದ ನಾಲಿಗೆ ಕೊಡುವುದು ಒಂದೇ ಸ್ವರ. ಬಾಯಿಯ ಒಳಗಿನ ಜಾಗ ಹಿಗ್ಗಿ ಕುಗ್ಗಿದ ಹಾಗೆ ಆ ಒಂದೇ ಸ್ವರದಿಂದ ಬೇರೆ ಬೇರೆ ಮೇಲಿನ ದನಿಗಳು ಎದ್ದು ಬರುತ್ತವೆ. ಪೆಡಲ್‌ನ ಫಿಲ್ಟರ್ ಮಾಡುವ ಕೆಲಸವೂ ಅದೇ. ಬಾಯಿಯ ಜಾಗದಲ್ಲಿ ಟ್ರಾನ್ಸಿಸ್ಟರ್‌ಗಳಿವೆ, ಅಷ್ಟೆ. ಮೈಸೂರಿನ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣಪತಿ ಉತ್ಸವದ ಕಚೇರಿಗಳಲ್ಲಿ ಮೋರ್ಸಿಂಗ್ ಸೇರಿದ ತನಿ ಆವರ್ತನ (ತಾಳವಾದ್ಯಗಳ ಸರದಿ) ಕೇಳುತ್ತಾ ಬೆಳೆದ ಯಾರಿಗೇ ಆಗಲಿ ಈ ಸದ್ದು ಹೊಸದಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈ ಪೆಡಲ್‌ಗಳ ಹಿಂದೆ ದೊಡ್ಡ ಕಥೆ ಇದೆ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ತಮ್ಮ ಮೊದಲ ಸಿಂಥಸೈಜರ್ ಮಾಡಿದರು. ಅವರ ಏಣಿಯಾಕಾರದ ಟ್ರಾನ್ಸಿಸ್ಟರ್ ಫಿಲ್ಟರ್‌ಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಆಕ್ಟೇವ್‌ಗೆ (ಒಂದು ಸ್ಥಾಯಿಗೆ) 24 ಡೆಸಿಬೆಲ್‌ನಂತೆ ಕತ್ತರಿಸುವ ಆ ಫಿಲ್ಟರ್‌ನ ದನಿಯನ್ನೇ ಇವತ್ತಿಗೂ ಜನ ಸಿಂಥ್ ಬೇಸ್ ಅಂತ ಗುರುತಿಸುವುದು. 1970ರಲ್ಲಿ ಮಿನಿಮೂಗ್ ಬಂತು. ಹೊತ್ತೊಯ್ಯಬಹುದಾದ ಸಿಂಥ್ ಅದು. ಕೀಬೋರ್ಡ್‌ನವರು ಬೇಸ್‌ನವರ ಕೆಲಸಕ್ಕೆ ಕೈ ಹಾಕಲು ದೊಡ್ಡ ದಾರಿ ಅಲ್ಲಿಂದ ತೆರೆಯಿತು. ಹತ್ತು ವರ್ಷ ಕಳೆದ ಮೇಲೆ ಜಪಾನಿನ ರೋಲಂಡ್ ಕಂಪನಿ ಟಿಬಿ-303 ತಂದಾಗಂತೂ ಉದ್ದೇಶ ಮುಚ್ಚುಮರೆಯಿಲ್ಲದೆ ಇತ್ತು. ಬೇಸ್ ನುಡಿಸುವವರು ಇಲ್ಲದಾಗ ಬೇಸ್ ಕೊಡುವ ಪೆಟ್ಟಿಗೆ ಅದು.

ನಮ್ಮ ದೇಶವೂ ಈ ಕಥೆಯಲ್ಲಿದೆ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಸಿಂಥಸೈಜರ್ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಕಟ್ಟಿಕೊಟ್ಟರು. ಮುಂಬೈನ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಅದೇ ಟಿಬಿ-303 ಇಟ್ಟುಕೊಂಡು ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದರು. ಆ ರಾಗಗಳ ಕೆಳಗೆ ಫಿಲ್ಟರ್ ತೆರೆದು ಮುಚ್ಚುವುದನ್ನು ಕೇಳಿದರೆ, ಯಂತ್ರಕ್ಕೂ ರಾಗಕ್ಕೂ ಆಗಿಬರುವುದಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ.

ಬೇಸ್‌ನವರಿಗೆ ತಮ್ಮ ಪಾಲು ವಾಪಸ್ ಸಿಕ್ಕಿದ್ದು ಪೆಡಲ್‌ಗಳಿಂದ. ಮೈಕ್ ಬೀಗಲ್ ರೂಪಿಸಿದ ಮ್ಯೂಟ್ರಾನ್ 3 ಬಂದದ್ದು 1972ರಲ್ಲಿ. ಎನ್ವಲಪ್ ಫಿಲ್ಟರ್ ಅನ್ನು ಕಾಲಿನ ಕೆಳಗೆ ತಂದು ಜನಪ್ರಿಯ ಮಾಡಿದ್ದು ಅದು. ಅಮೆರಿಕದ ಬೇಸ್ ವಾದಕ ಬೂಟ್ಸಿ ಕಾಲಿನ್ಸ್ ಅದನ್ನು ಬೇಸ್‌ಗೆ ಹಾಕಿ ನುಡಿಸಿದ್ದನ್ನು ಕೇಳಿದರೆ ಪೆಡಲ್ ಯಾವುದು, ಬೆರಳು ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. 1970ರ ದಶಕದ ಕೊನೆಗೆ ನ್ಯೂಯಾರ್ಕ್‌ನ ಎಲೆಕ್ಟ್ರೋ ಹಾರ್ಮೋನಿಕ್ಸ್ ಮೈಕ್ರೋ ಸಿಂಥಸೈಜರ್ ಮಾಡಿತು. ಅದಕ್ಕೆ ಬೇಸ್‌ನವರಿಗೇ ಅಂತ ಒಂದು ರೂಪವೂ ಇದೆ. ಕೆಳಸ್ಥಾಯಿ, ಮೂಲ ಸದ್ದು, ಮೇಲುಸ್ಥಾಯಿ, ಚೌಕ ಅಲೆ ನಾಲ್ಕನ್ನೂ ಬೇಕಾದ ಹಾಗೆ ಬೆರೆಸಿಕೊಳ್ಳಬಹುದು. ಬಾಸ್ ಕಂಪನಿಯ ಓಸಿ-2 ಆಕ್ಟೇವ್ ಪೆಡಲ್ 1982ರದ್ದು. ಮೂರೇ ನಾಬ್. 1998ರಲ್ಲಿ ಮೂಗ್ ಅವರೇ ತಮ್ಮ ಏಣಿ ಫಿಲ್ಟರ್ ಅನ್ನು ಎಂಎಫ್-101 ಅನ್ನುವ ಮೂಗರ್‌ಫೂಗರ್ ಪೆಟ್ಟಿಗೆಯಲ್ಲಿ ಇಟ್ಟು ಗಿಟಾರಿನವರಿಗೂ ಕೊಟ್ಟರು.

ಇವುಗಳಲ್ಲಿ ಎರಡು ಜಾತಿ ಇದೆ. ಮ್ಯೂಟ್ರಾನ್ ಥರದವು ಬೆರಳಿನ ಜೋರನ್ನು ಹಿಂಬಾಲಿಸುತ್ತವೆ. ಮೈಕ್ರೋ ಸಿಂಥ್ ಹಾಗಲ್ಲ. ಮೀಟು ಒಂದು ಮಟ್ಟ ದಾಟಿದ ಕೂಡಲೇ ಫಿಲ್ಟರ್ ತನ್ನಷ್ಟಕ್ಕೆ, ನೀವು ಮೊದಲೇ ಇಟ್ಟ ವೇಗದಲ್ಲಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತದೆ. ಎರಡನೆಯದು ಕೀಬೋರ್ಡ್ ಸಿಂಥ್‌ಗೆ ಹತ್ತಿರ, ಪ್ರತಿ ಸ್ವರವೂ ಒಂದೇ ಸಮ ಬರುತ್ತದೆ. ನನ್ನ ಮನಸ್ಸು ಮಾತ್ರ ಮೊದಲನೆಯದರ ಕಡೆ. ಮೆಲ್ಲಗೆ ಮೀಟಿದರೆ ಮೆಲ್ಲಗೆ ಉತ್ತರಿಸುವ ವಾದ್ಯ ನನಗೆ ಬೇಕು.

ಹೀಗೆ ಉತ್ತರಿಸುವ ಪೆಡಲ್ ಕೈಯನ್ನು ಎಷ್ಟು ತಿದ್ದುತ್ತದೆ ಅಂತ ನೋಡಬೇಕಾದರೆ ಸರಳೆ ವರಸೆ ನುಡಿಸಿ ನೋಡಿ. ಮಾಯಾಮಾಳವಗೌಳ, ಎಲ್ಲರೂ ಕಲಿಯುವ ಮೊದಲ ಪಾಠ. 'ಏ' (A) ತಂತಿಯ ಐದನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಮೆಟ್ಟು) ಅನ್ನು ಷಡ್ಜ ಮಾಡಿಕೊಳ್ಳಿ. ನಿಮಿಷಕ್ಕೆ 60 ಅಕ್ಷರದ ನಡೆ. ಮೊದಲ ಕಾಲದಲ್ಲಿ ಸ್ವರಕ್ಕೆ ಒಂದು ಸೆಕೆಂಡ್ ಸಿಗುತ್ತದೆ. ಪ್ರತಿ ಸ್ವರವೂ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ಇಲ್ಲೇ ಮೊದಲ ಪಾಠ ಸಿಗುತ್ತದೆ. ತೋರುಬೆರಳಿನಲ್ಲಿ ಮೀಟಿದ ಸ ಚೆನ್ನಾಗಿ ಅರಳುತ್ತದೆ, ನಡುಬೆರಳಿನಲ್ಲಿ ಮೀಟಿದ ರಿ ಅರ್ಧಕ್ಕೇ ಮುದುಡುತ್ತದೆ. ಪೆಡಲ್ ಇಲ್ಲದೆ ನುಡಿಸುವಾಗ ಆ ಎರಡು ಬೆರಳಿನ ವ್ಯತ್ಯಾಸ ಕಿವಿಗೆ ಬೀಳುವುದು ಕಷ್ಟ. ಫಿಲ್ಟರ್ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಎರಡನೇ ಕಾಲಕ್ಕೆ ಬನ್ನಿ. ಸ್ವರಕ್ಕೆ ಅರ್ಧ ಸೆಕೆಂಡ್. ಫಿಲ್ಟರ್ ಮುಚ್ಚಿಕೊಳ್ಳುವ ಹೊತ್ತಿಗೆ ಮುಂದಿನ ಸ್ವರ ಬಂದಿರುತ್ತದೆ. ಮೂರನೇ ಕಾಲದಲ್ಲಿ ಸ್ವರಕ್ಕೆ ಕಾಲು ಸೆಕೆಂಡ್ ಮಾತ್ರ. ಈಗ ಕೆಪಾಸಿಟರ್ ಖಾಲಿಯಾಗಲು ಸಮಯವೇ ಇಲ್ಲ. ವೋಲ್ಟೇಜ್ ಮೇಲೇ ನಿಂತುಬಿಡುತ್ತದೆ, ಫಿಲ್ಟರ್ ತೆರೆದೇ ಇರುತ್ತದೆ, ಸ್ವರಗಳೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತವೆ. ಪರಿಹಾರ ಎರಡಿದೆ. ಫಿಲ್ಟರ್ ಎಷ್ಟು ಹೊತ್ತಿನಲ್ಲಿ ಮುಚ್ಚಬೇಕು ಅನ್ನುವ ಡಿಕೇ ನಾಬ್ ಕಮ್ಮಿ ಮಾಡಬಹುದು. ಇಲ್ಲವೇ ಎಡಗೈ ಬೆರಳನ್ನು ಸ್ವಲ್ಪ ಸಡಿಲಿಸಿ ಎರಡು ಸ್ವರದ ನಡುವೆ ಕೂದಲೆಳೆಯಷ್ಟು ಮೌನ ಬಿಡಬಹುದು. ನಾನು ಎರಡನೆಯದನ್ನೇ ರೂಢಿಸಿಕೊಂಡೆ. ವೇದಿಕೆಯಲ್ಲಿ ಹಾಡಿನ ನಡೆ ಬದಲಾದಾಗಲೆಲ್ಲ ಬಗ್ಗಿ ನಾಬ್ ತಿರುಗಿಸುತ್ತಾ ಕೂರಲು ಆಗುವುದಿಲ್ಲ ಅಲ್ವಾ? ಸ್ವರವನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ಬೇಸ್‌ನ ಅರ್ಧ ವಿದ್ಯೆ. ಈ ಪೆಡಲ್ ಅದನ್ನು ಪಟ್ಟು ಹಿಡಿದು ಕಲಿಸುತ್ತದೆ.

ಆಕ್ಟೇವ್ ಪೆಡಲ್‌ಗೂ ತನ್ನದೇ ಶಿಸ್ತು ಇದೆ. ಅದಕ್ಕೆ ಒಂದು ಸಲಕ್ಕೆ ಒಂದೇ ಸ್ವರ ಬೇಕು. ಪಕ್ಕದ ತಂತಿ ಸುಮ್ನೆ ಗುನುಗಿದರೂ ಸಾಕು, ಎಣಿಕೆ ತಪ್ಪಿ ಸದ್ದು ಗೊಗ್ಗರವಾಗುತ್ತದೆ. ಹಾಗಾಗಿ ಬಲಗೈ ಹೆಬ್ಬೆರಳು ಸದಾ ಮೇಲಿನ ತಂತಿಗಳನ್ನು ಮುಚ್ಚಿಕೊಂಡಿರಬೇಕು. ಟೋನ್ ನಾಬ್ ಇಳಿಸಿ, ಕುತ್ತಿಗೆಯ ಹತ್ತಿರದ ಪಿಕಪ್ ಇಟ್ಟುಕೊಂಡರೆ ಮೇಲಿನ ಸ್ವರಗಳು ಕಮ್ಮಿಯಾಗಿ ಪೆಡಲ್‌ಗೆ ಮೂಲ ಸ್ವರ ಹಿಡಿಯುವುದು ಸುಲಭ. ಫ್ರೆಟ್‌ಬೋರ್ಡಿನ ಮೇಲ್ಭಾಗದಲ್ಲಿ ನುಡಿಸುವುದು ಇನ್ನೂ ಒಳ್ಳೆಯದು. ದಪ್ಪ 'ಈ' ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಕೆಳಸ್ಥಾಯಿ 20 ಹರ್ಟ್ಸ್ (ಸೆಕೆಂಡಿಗೆ 20 ಕಂಪನ) ಹತ್ತಿರ ಬೀಳುತ್ತದೆ. ಅದು ಮನುಷ್ಯರ ಕಿವಿಯ ಕೊನೆಯ ಗಡಿ, ಮಾಮೂಲಿ ಸ್ಪೀಕರ್‌ಗಳಿಗಂತೂ ಎಟುಕುವುದಿಲ್ಲ. ಅದೇ ತಂತಿಯ 12ನೇ ಫ್ರೆಟ್‌ನಲ್ಲಿ 82 ಹರ್ಟ್ಸ್ ನುಡಿಸಿದರೆ ಪೆಡಲ್ 41 ಕೊಡುತ್ತದೆ. ಎದೆಗೆ ತಾಗುವ, ಆದರೂ ಸ್ವರ ಇದು ಅಂತ ತಿಳಿಯುವ ಜಾಗ ಅದು.

ಪೆಡಲ್‌ಗಳನ್ನು ಜೋಡಿಸುವ ಕ್ರಮ ಬೇಗ ಹೇಳಿಬಿಡುತ್ತೇನೆ. ಆಕ್ಟೇವ್ ಮೊದಲು, ಆಮೇಲೆ ಸದ್ದನ್ನು ಒರಟು ಮಾಡುವ ಫಜ್, ಕೊನೆಗೆ ಫಿಲ್ಟರ್. ಹೀಗೆ ಇಟ್ಟರೆ ಫಿಲ್ಟರ್‌ಗೆ ಕತ್ತರಿಸಲು ಸಾಕಷ್ಟು ಸರಕು ಸಿಗುತ್ತದೆ. ಆದರೆ ಫಜ್ ಜೋರು ಮೆದುವಿನ ವ್ಯತ್ಯಾಸವನ್ನು ಚಪ್ಪಟೆ ಮಾಡುತ್ತದೆ, ಆದ್ದರಿಂದ ಅದರ ಗೇನ್ ಮಿತಿಯಲ್ಲಿರಲಿ. ಜೋರು ಮೆದುವನ್ನು ಸಮ ಮಾಡುವ ಕಂಪ್ರೆಸರ್ ಇದ್ದರೆ ಅದನ್ನು ಫಿಲ್ಟರ್ ಆದ ಮೇಲೆ ಹಾಕಿ. ಮೂಲ ಬೇಸ್‌ನ ಸದ್ದನ್ನು ಸ್ವಲ್ಪವಾದರೂ ಬೆರೆಸಿಕೊಂಡಿರಿ, ಇಲ್ಲದಿದ್ದರೆ ಫಿಲ್ಟರ್ ಆಟದಲ್ಲಿ ಬೇಸ್‌ನ ಅಡಿಪಾಯವೇ ಕೈಬಿಡುತ್ತದೆ.

ಒಮ್ಮೆ ಮಂಡ್ಯ ಕಡೆಯ ಹಳ್ಳಿಯೊಂದರ ಕಾರ್ಯಕ್ರಮ ಮುಗಿಸಿ ಬಂದ ಮೇಲೆ ನನ್ನ ಆಕ್ಟೇವ್ ಪೆಡಲ್‌ನಲ್ಲಿ ಕೆಳಸ್ಥಾಯಿ ನಿಂತುಹೋಯಿತು. ಟೆಂಪೋದಲ್ಲಿ ಕುಲುಕಿದ್ದಕ್ಕೋ ಏನೋ. ಇಂಥದ್ದನ್ನು ರಿಪೇರಿ ಮಾಡುವ ಅಂಗಡಿ ಯಾವುದು ಅಂತ ಕೇಳಿಕೊಂಡು ಕೊನೆಗೆ ನಮ್ಮ ಬಡಾವಣೆಯ ಹಳೆಯ ಟಿವಿ ರಿಪೇರಿಯವರ ಬಳಿ ಹೋದೆ. ವಯಸ್ಸಾದವರು. ಕನ್ನಡಕ ಮೇಲೇರಿಸಿ, ಭೂತಗನ್ನಡಿ ಹಿಡಿದು ಬೋರ್ಡ್ ನೋಡಿದರು.

"ಏನಪ್ಪಾ ಇದು, ಗಿಟಾರ್ ಸಾಮಾನಾ?"

"ಹೌದು ಸಾರ್. ಸ್ವರವನ್ನ ಒಂದು ಸ್ಥಾಯಿ ಕೆಳಕ್ಕೆ ಇಳಿಸುತ್ತೆ."

"4013 ಐಸಿ ಹಾಕಿದಾರೆ. ಎರಡರಿಂದ ಭಾಗಿಸುತ್ತೆ. ಅಷ್ಟೇ ತಾನೇ ನಿಮ್ಮ ಸ್ಥಾಯಿ?"

ಅಷ್ಟೇ. 4013 ಅಂದರೆ ಎರಡು ಫ್ಲಿಪ್‌ಫ್ಲಾಪ್ ಇರುವ ಚಿಪ್. ಅವರು ವಯಸ್ಸಿನಲ್ಲಿದ್ದಾಗ ದಸರಾಕ್ಕೆ ಓಡುವ ಸೀರಿಯಲ್ ಲೈಟ್‌ಗಳ ಸರ್ಕ್ಯೂಟ್ ಮಾಡಿಕೊಡುತ್ತಿದ್ದರಂತೆ. 555 ಟೈಮರ್, 4017 ಕೌಂಟರ್. ನನ್ನ ಪೆಡಲ್‌ನ ಐಸಿ ಆ 4017ರ ಕುಟುಂಬದ್ದು. ಒಂದು ಕಾಲಿನ ಬೆಸುಗೆ ಬಿಟ್ಟಿತ್ತು, ಸೋಲ್ಡರಿಂಗ್ ಕಡ್ಡಿ ಮುಟ್ಟಿಸಿ ಸರಿ ಮಾಡಿದರು. ಆಮೇಲೆ ಬೇಸ್ ಸಿಕ್ಕಿಸಿ 'ಈ' ತಂತಿ ಮೀಟಲು ಹೇಳಿ, ರೆಸಿಸ್ಟರ್ ಹಚ್ಚಿದ ಒಂದು ಕೆಂಪು ಎಲ್‌ಇಡಿಯನ್ನು ಐಸಿಯ ಕಾಲುಗಳಿಗೆ ಒಂದೊಂದಾಗಿ ಹಿಡಿದರು. ಐಸಿಗೆ ಒಳಹೋಗುವ ಕಾಲಿನಲ್ಲಿ ದೀಪ ಸಣ್ಣಗೆ ನಡುಗಿತು. ಒಂದು ಸಲ ಭಾಗವಾಗಿ ಬಂದ ಕಡೆ ಮಿನುಗುವುದು ಎದ್ದು ಕಂಡಿತು. ಎರಡನೇ ಸಲ ಭಾಗವಾದ ಕಡೆ ಪಟಪಟ ಬಡಿಯಿತು, ಸೆಕೆಂಡಿಗೆ ಸುಮಾರು 10 ಸಲ. ಸ್ವರವಾಗಿ ಕಿವಿಗೆ ನಿಲುಕದ ಕಂಪನ ಅದು. ತಂತಿ ಸೋಲುತ್ತಾ ಬಂದಾಗ ದೀಪವೂ ತಡವರಿಸಿ ಆರಿತು. ಪೆಡಲ್ ಎಲ್ಲಿ ಎಣಿಕೆ ತಪ್ಪುತ್ತದೆ ಅಂತ ನನ್ನ ಕಣ್ಣಿಗೇ ಕಂಡಿತು. ಅನಲಾಗ್ ಯಂತ್ರಗಳ ಮೇಲೆ ನನಗಿರುವ ಪ್ರೀತಿಗೆ ಇದೂ ಒಂದು ಕಾರಣ. ತೆರೆದು ನೋಡಬಹುದು, ಕಾಲುಕಾಲಿಗೂ ಏನು ನಡೆಯುತ್ತಿದೆ ಅಂತ ಹಿಡಿಯಬಹುದು. ಆ ಐಸಿ ಸುಟ್ಟೇ ಹೋಗಿದ್ದರೂ ಹೊಸದು ಕಮ್ಮಿ ಬೆಲೆಗೆ ಸಿಗುತ್ತದೆ.

ಡಿಜಿಟಲ್ ಪೆಡಲ್‌ಗಳನ್ನು ನಾನು ಕೀಳು ಅನ್ನುವುದಿಲ್ಲ. ಹತ್ತಾರು ಸದ್ದುಗಳನ್ನು ನೆನಪಿಟ್ಟುಕೊಂಡು ಹಾಡಿಗೊಂದರಂತೆ ಕೊಡುವ ಅನುಕೂಲ ದೊಡ್ಡದು. ರಾತ್ರಿಯೆಲ್ಲ ಹಾಡುಗಳನ್ನು ನುಡಿಸುವವರಿಗೆ ಅದೇ ಸರಿ ಇರಬಹುದು. ನನಗೆ ಬೇಕಾದ ಒಂದೇ ಸದ್ದನ್ನು ಕೈಯಲ್ಲಿ ನೂರು ಥರ ಮಾಡುವುದರಲ್ಲಿ ಜಾಸ್ತಿ ಖುಷಿ ಇದೆ.

ನಮ್ಮ ಕಡೆಯ ವೇದಿಕೆಗಳಲ್ಲಿ ಇನ್ನೊಂದು ಕಾಟ ಇದೆ, ಕರೆಂಟಿನ ಗುಂಯ್ ಸದ್ದು. ಅರ್ತಿಂಗ್ ಸರಿ ಇಲ್ಲದ ಪೆಂಡಾಲ್, ಸೀರಿಯಲ್ ಸೆಟ್‌ಗೂ ಮೈಕ್ ಸೆಟ್‌ಗೂ ಒಂದೇ ಲೈನು. ನಮ್ಮ ಕರೆಂಟು 50 ಹರ್ಟ್ಸ್. ದಪ್ಪ 'ಈ' ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಅಂದರೆ ಆ ಗುಂಯ್ ಬಂದು ಕೂರುವುದು ಬೇಸ್‌ನ ಹೊಟ್ಟೆಯೊಳಗೇ. ಫಜ್ ಇದ್ದರೆ ಅದು ಇನ್ನೂ ಹಿಗ್ಗುತ್ತದೆ, ಆಕ್ಟೇವ್ ಪೆಡಲ್ ಅದನ್ನೂ ಸ್ವರ ಅಂದುಕೊಂಡು 25 ಹರ್ಟ್ಸ್ ಮಾಡಿ ಹೊರಡಿಸಲು ನೋಡುತ್ತದೆ. ಎಲ್ಲ ಪೆಡಲ್‌ಗಳಿಗೂ ಒಂದೇ ಅಡಾಪ್ಟರ್‌ನಿಂದ ವೈರ್ ಎಳೆಯುವುದಕ್ಕಿಂತ, ಔಟ್‌ಪುಟ್‌ಗಳು ಬೇರೆ ಬೇರೆಯಾಗಿರುವ ಪವರ್ ಸಪ್ಲೈಗೆ ಮೊದಲು ದುಡ್ಡು ಹಾಕುವುದು ಒಳ್ಳೆಯದು. ಹೊಸ ಪೆಡಲ್ ಆಮೇಲೆ.

ಇದೆಲ್ಲ ನಮ್ಮೂರಿನ ಸಂಗೀತಕ್ಕೆ ಹೊಂದುತ್ತದಾ ಅಂತ ಹಿರಿಯರು ಕೇಳುತ್ತಾರೆ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಜಯಚಾಮರಾಜೇಂದ್ರ ಒಡೆಯರ್ ಅವರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಅವರೇ 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಡ್ಟ್ನರ್ ತಮ್ಮ ರಚನೆಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಇಂಥ ಊರಿನಲ್ಲಿ ಕುಳಿತು ಒಂದು ಪೆಡಲ್‌ಗೆ ಸಂಕೋಚ ಪಡಬೇಕಾಗಿಲ್ಲ.

ಹೊಂದದ ಜಾಗಗಳು ಇಲ್ಲ ಅಂತಲ್ಲ. ತಬಲದ ಡಗ್ಗ ಗುಮುಗುಟ್ಟುವ ಭಾವಗೀತೆಯಲ್ಲಿ ಕೆಳಸ್ಥಾಯಿ ಆನ್ ಮಾಡಿದರೆ ಎರಡೂ ಒಂದೇ ಜಾಗಕ್ಕೆ ಜಗಳ ಆಡುತ್ತವೆ. ಅಲ್ಲಿ ನಾನು ಪೆಡಲ್ ಆಫ್ ಮಾಡಿ ಬರಿಯ ಬೇಸ್ ನುಡಿಸುತ್ತೇನೆ. ತಮಟೆಯ ನಡೆ ಇರುವ ಕುಣಿತದ ಹಾಡುಗಳಿಗೆ ಫಿಲ್ಟರ್ ಬಹಳ ಚೆನ್ನಾಗಿ ಕೂರುತ್ತದೆ, ತಮಟೆಯ ಏಟು ಮೇಲೆ ಸಿಡಿಯುವುದರಿಂದ ಕೆಳಗೆ ಬೇಸ್‌ಗೆ ಬೇಕಾದಷ್ಟು ಜಾಗ ಇರುತ್ತದೆ.

ಈಗ ಆಲಾಪನೆಗೆ ಫಿಲ್ಟರ್ ಬಳಸುವ ಪ್ರಯತ್ನದಲ್ಲಿದ್ದೇನೆ. ಎನ್ವಲಪ್ ಅಲ್ಲಿ ಸಾಲುವುದಿಲ್ಲ. ಒಂದೇ ಮೀಟಿನಲ್ಲಿ ಗಮಕ ಎಳೆಯುವಾಗ ತಂತಿ ಸೋಲುತ್ತಾ ಹೋಗುತ್ತದೆ, ಫಿಲ್ಟರ್ ಮುಚ್ಚುತ್ತಾ ಬರುತ್ತದೆ, ಗಮಕದ ಕೊನೆಯ ಎಳೆ ಮಸುಕಾಗುತ್ತದೆ. ಎಕ್ಸ್‌ಪ್ರೆಶನ್ ಪೆಡಲ್ ಸಿಕ್ಕಿಸಿ ಫಿಲ್ಟರ್‌ನ ಗಡಿಯನ್ನು ಕಾಲಿನಿಂದ ತೆರೆದರೆ, ಸ್ವರ ಸಣ್ಣದಾಗುವಾಗಲೇ ಬಣ್ಣ ಹೆಚ್ಚಿಸಬಹುದು. ಕಾಲು ಗಮಕಕ್ಕಿಂತ ಒಂದು ಚೂರು ಮುಂಚೆ ಕದಲಬೇಕು. ಕಾಂಬೋದಿಯ ಧೈವತದ ಮೇಲೆ ಇದು ಒಗ್ಗಿದೆ. ತೋಡಿಯ ಗಾಂಧಾರದ ಓಲಾಟಕ್ಕೆ ಕಾಲು ಇನ್ನೂ ಪಳಗಬೇಕು.